ಆಟದ ಪೆಟ್ಟಿಗೆಯಿಂದ ಹೊರಬಂದ ಗೊಂಬೆ ಯಾರದು?

ವಿಡಿಯೊ ಗೇಮ್ ಆಡಿ ಗಣಕಯಂತ್ರವನ್ನು ಆರಿಸಿದ ಮೇಲೆ ಅದರೊಳಗಿನ ವೀರ ಎಲ್ಲಿಗೆ ಹೋಗುತ್ತಾನೆ? ಎಲ್ಲಿಗೂ ಇಲ್ಲ. ಹಾರ್ಡ್‌ಡಿಸ್ಕ್‌ನಲ್ಲಿ ಒಂದು ಕಡತವಾಗಿ ಮಲಗಿರುತ್ತಾನೆ. ಆ ಕಡತವನ್ನು ಹುಡುಕಿ, ಬಿಚ್ಚಿ, ಗೊಂಬೆಯನ್ನು ಹೊರತೆಗೆದು ಬೇರೊಂದು ತಂತ್ರಾಂಶದಲ್ಲಿ ನಿಲ್ಲಿಸುವ ಹವ್ಯಾಸ ಸುಮಾರು ಮೂರು ದಶಕಗಳಿಂದ ನಡೆದುಬಂದಿದೆ. ಆಟದ ಕಲೆಯನ್ನು ಕಲಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಆದರೆ ಹೀಗೆ ತೆಗೆದ ಗೊಂಬೆಯನ್ನು ತನ್ನದೆಂದು ತೋರಿಸಿ ಕೆಲಸ ಕೇಳಹೊರಟ ಯುವಕನಿಗೆ ಅದೇ ಮುಳುವಾಗಲೂಬಹುದು. ಏಕೆಂದು ತಿಳಿಯಬೇಕಾದರೆ ಮೊದಲು ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ನೋಡಬೇಕು.

ಪೆಟ್ಟಿಗೆ ತೆರೆದಾಗ

ಅಮೆರಿಕದ ಟೆಕ್ಸಾಸ್ ರಾಜ್ಯದ ಇಡ್ ಸಾಫ್ಟ್‌ವೇರ್ ಸಂಸ್ಥೆ 1996ರಲ್ಲಿ ಹೊರತಂದ 'ಕ್ವೇಕ್' ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದೇ ಸಂಸ್ಥೆಯ 1993ರ 'ಡೂಮ್' ಆಟದಲ್ಲಿ ರಾಕ್ಷಸರು ಚಪ್ಪಟೆ ಚಿತ್ರಗಳಾಗಿದ್ದರು. ಕ್ವೇಕ್‌ನಲ್ಲಿ ಅವರಿಗೆ ಮೂರು ಆಯಾಮದ ಮೈ ಬಂತು. ಆಟದ ಚಿತ್ರ, ಧ್ವನಿ, ಗೊಂಬೆಗಳೆಲ್ಲವನ್ನೂ 'ಪ್ಯಾಕ್' ಎಂಬ ದೊಡ್ಡ ಕಡತಗಳಲ್ಲಿ ತುಂಬಿಡಲಾಗಿತ್ತು. ಅದರೊಳಗೊಂದು ಪಟ್ಟಿ ಇರುತ್ತದೆ. ಪಟ್ಟಿಯ ಪ್ರತಿ ನಮೂದಿಗೆ 64 ಬೈಟ್ ಜಾಗ. ಅದರಲ್ಲಿ 56 ಬೈಟ್ ಹೆಸರಿಗೆ, ಉಳಿದ 8 ಬೈಟ್ ಆ ವಸ್ತು ಎಲ್ಲಿದೆ, ಎಷ್ಟು ದೊಡ್ಡದು ಎಂಬ ವಿವರಕ್ಕೆ. ರೈಲಿನ ಬಾಗಿಲ ಬಳಿ ಅಂಟಿಸುತ್ತಿದ್ದ ರಿಸರ್ವೇಷನ್ ಚಾರ್ಟ್ ನೆನಪಿರುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಪ್ರೋಗ್ರಾಮಿಂಗ್ ಅಲ್ಪಸ್ವಲ್ಪ ಬಲ್ಲವರೂ ಈ ಚಾರ್ಟ್ ಓದಿ ಬೇಕಾದ ಗೊಂಬೆಯನ್ನು ಹೊರಗೆ ಕರೆಯಬಹುದಿತ್ತು. 1999ರ 'ಕ್ವೇಕ್ 3 ಅರೀನಾ' ವೇಳೆಗೆ ಪೆಟ್ಟಿಗೆ ಇನ್ನಷ್ಟು ಸರಳವಾಯಿತು. ಹೆಸರು ಬೇರೆ ಇದ್ದರೂ ಅದು ಸಾಮಾನ್ಯ ಜಿಪ್ ಕಡತವೇ ಆಗಿತ್ತು.

ಹೊರಬಂದ ಗೊಂಬೆಯಾದರೂ ಏನು? ಒಂದಷ್ಟು ಬಿಂದುಗಳು, ಆ ಬಿಂದುಗಳನ್ನು ಜೋಡಿಸುವ ತ್ರಿಕೋನಗಳು, ಅವುಗಳ ಮೇಲೆ ಹೊದಿಸಲು 'ಸ್ಕಿನ್' ಎಂಬ ಚಿತ್ರ, ಇಷ್ಟೇ. ಕ್ವೇಕ್‌ನಲ್ಲಿ ಜಾಗ ಉಳಿಸುವ ಸಲುವಾಗಿ ಬಿಂದುವೊಂದರ ಸ್ಥಾನವನ್ನು ಪ್ರತಿ ದಿಕ್ಕಿಗೆ ಒಂದೇ ಬೈಟ್‌ನಲ್ಲಿ ಬರೆಯಲಾಗುತ್ತಿತ್ತು. ಹಾಗಾಗಿ ಬಿಂದು ನಿಲ್ಲಬಹುದಾದ ಜಾಗಗಳು ದಿಕ್ಕಿಗೆ 256 ಮಾತ್ರ. ಆ ಆಟದ ರಾಕ್ಷಸರ ಮೈ ಚಲಿಸುವಾಗ ನಡುಗಿದಂತೆ ಕಾಣುತ್ತಿದ್ದುದಕ್ಕೆ ಇದೇ ಕಾರಣ. ಮೂಳೆಗಳೂ ಇರಲಿಲ್ಲ. ಓಟದ ಪ್ರತಿಯೊಂದು ಭಂಗಿಗೂ ಎಲ್ಲ ಬಿಂದುಗಳನ್ನು ಹೊಸದಾಗಿ ಬರೆದಿಡಲಾಗುತ್ತಿತ್ತು. ಕ್ವೇಕ್ 3ರಲ್ಲಿ ಕಾಲು, ಮುಂಡ, ತಲೆ ಎಂಬ ಮೂರು ಪ್ರತ್ಯೇಕ ಭಾಗಗಳು ಬಂದವು. ಒಂದು ಕಡೆಗೆ ಓಡುತ್ತಲೇ ಇನ್ನೊಂದು ಕಡೆಗೆ ಗುರಿಯಿಡುವುದು ಗೊಂಬೆಗೆ ಸಾಧ್ಯವಾದದ್ದು ಹೀಗೆ.

2004ರಲ್ಲಿ ಬಂದ 'ಡೂಮ್ 3' ವಿದ್ಯಾರ್ಥಿಗಳ ಪಾಲಿಗೆ ನಿಜವಾದ ಪಠ್ಯಪುಸ್ತಕ. ಅದರ ಗೊಂಬೆಗಳಿಗೆ ಮೂಳೆಗಳಿದ್ದವು. ಅಷ್ಟೇ ಅಲ್ಲ, ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅಕ್ಷರ ಮತ್ತು ಅಂಕಿಗಳಾಗಿ ಓದಬಹುದಿತ್ತು. ಮೊಣಕೈಯ ಬಳಿಯ ಬಿಂದುವೊಂದು ತೋಳಿನ ಮೂಳೆಯ ಮಾತನ್ನು ಎಷ್ಟು ಪಾಲು, ಮುಂಗೈ ಮೂಳೆಯ ಮಾತನ್ನು ಎಷ್ಟು ಪಾಲು ಕೇಳಬೇಕು ಎಂಬ ಲೆಕ್ಕ ಕಣ್ಣೆದುರಿಗೇ ಇರುತ್ತಿತ್ತು. ತರಗತಿಯಲ್ಲಿ ಒಂದು ತಿಂಗಳು ಕೇಳಿದರೂ ತಲೆಗೆ ಹೋಗದ ವಿಷಯ ಹೀಗೆ ಒಂದು ಸಂಜೆಯಲ್ಲಿ ಮನದಟ್ಟಾಗುತ್ತದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಬ್ಲೆಂಡರ್‌ನಲ್ಲಿ ನಿಲ್ಲಿಸುವ ಕಷ್ಟ

ಹೊರತೆಗೆದ ಗೊಂಬೆಯನ್ನು ಇಂದು ಹೆಚ್ಚಿನವರು 'ಬ್ಲೆಂಡರ್' ತಂತ್ರಾಂಶಕ್ಕೆ ಒಯ್ಯುತ್ತಾರೆ. 2002ರಲ್ಲಿ ಮುಕ್ತ ತಂತ್ರಾಂಶವಾದ ಇದು ಉಚಿತ. ಆದರೆ ಗೊಂಬೆ ಮೊದಲ ಸಲ ನೆಟ್ಟಗೆ ನಿಲ್ಲುವುದು ಅಪರೂಪ. 'ಮೇಲೆ' ಎಂಬ ದಿಕ್ಕನ್ನು ಒಂದೊಂದು ಆಟವೂ ಒಂದೊಂದು ಅಕ್ಷದಿಂದ ಸೂಚಿಸುವುದರಿಂದ ಗೊಂಬೆ ಅಂಗಾತ ಮಲಗಿರುತ್ತದೆ. ಅಳತೆಯ ಮಾನ ಬೇರೆಯಾಗಿದ್ದರೆ ಇರುವೆಯಷ್ಟೋ ಬೆಟ್ಟದಷ್ಟೋ ಕಾಣುತ್ತದೆ. ಚಿತ್ರದ ಹೊಲಿಗೆ ಕೂಡುವಲ್ಲಿ ಆಟವು ಒಂದೇ ಬಿಂದುವನ್ನು ಎರಡಾಗಿ ಬರೆದಿರುತ್ತದೆ. ಮೈಯನ್ನು ನಯಗೊಳಿಸಲು ಹೋದಾಗ ಅಲ್ಲೆಲ್ಲ ಬಿರುಕು ಬಿಡುತ್ತದೆ. ಒಂದರ ಮೇಲೊಂದು ಕೂತ ಬಿಂದುಗಳನ್ನು ಬೆಸೆದರೆ ಬಿರುಕು ಮಾಯ. ಬೆಳಕು ತಲೆಕೆಳಗಾಗಿ ಬಿದ್ದಂತೆ ಕಂಡರೆ, ಉಬ್ಬುತಗ್ಗು ತೋರಿಸುವ 'ನಾರ್ಮಲ್ ಮ್ಯಾಪ್' ಚಿತ್ರದ ಹಸಿರು ಬಣ್ಣವನ್ನು ತಿರುವುಮುರುವು ಮಾಡಬೇಕು. ಇದನ್ನು ಅರಿಯದೆ ವಾರಗಟ್ಟಲೆ ದೀಪಗಳ ಸ್ಥಾನ ಬದಲಿಸುತ್ತ ಕೂತವರೂ ಇದ್ದಾರೆ.

ಬೀಗ ಹಾಕಿದ ಆಟಗಳಿಗೆ ಮತ್ತೊಂದು ಉಪಾಯವಿದೆ. ಆಟ ನಡೆಯುತ್ತಿರುವಾಗಲೇ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ ತ್ರಿಕೋನಗಳನ್ನು ನಡುದಾರಿಯಲ್ಲಿ ನಕಲಿಸಿಕೊಳ್ಳುವುದು. ಹೀಗೆ ಸಿಕ್ಕ ಗೊಂಬೆ ಆ ಕ್ಷಣದ ಭಂಗಿಯಲ್ಲೇ ಕಲ್ಲಾಗಿರುತ್ತದೆ. ಸಾಮಾನ್ಯವಾಗಿ ಮೂಳೆಗಳು ಬರುವುದಿಲ್ಲ.

ಯಾವ ದಾರಿಯಲ್ಲಿ ತೆಗೆದರೂ ಕೈಗೆ ಬಾರದ ವಸ್ತುಗಳೇ ಹೆಚ್ಚು. ಕಲಾವಿದ ಮೊದಲು ಲಕ್ಷಾಂತರ ತ್ರಿಕೋನಗಳಲ್ಲಿ ಕೆತ್ತಿದ ಮೂಲಶಿಲ್ಪ ಬರುವುದಿಲ್ಲ. ಪದರ ಪದರವಾಗಿ ಬಳಿದ ಬಣ್ಣದ ಮೂಲಚಿತ್ರ ಬರುವುದಿಲ್ಲ. ಕುಣಿಸುವವನು ಹಿಡಿಯುವ 'ರಿಗ್' ಕೂಡ ಬರುವುದಿಲ್ಲ. ಸೂತ್ರದ ಗೊಂಬೆ ಸಿಕ್ಕಿತು, ಸೂತ್ರಗಳು ಮಾತ್ರ ಸಂಸ್ಥೆಯಲ್ಲೇ ಉಳಿದವು ಎನ್ನಬಹುದು.

ಸಂಕೇತ ಮುಕ್ತ, ಕಲೆ ಅಲ್ಲ

ಇನ್ನು ಒಡೆತನದ ಪ್ರಶ್ನೆ. ಇಡ್ ಸಂಸ್ಥೆ ಕ್ವೇಕ್‌ನ ಮೂಲಸಂಕೇತವನ್ನು 1999ರಲ್ಲಿ, ಕ್ವೇಕ್ 3ರದನ್ನು 2005ರಲ್ಲಿ, ಡೂಮ್ 3ರದನ್ನು 2011ರಲ್ಲಿ ಜಿಪಿಎಲ್ ಪರವಾನಗಿಯಡಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹಾಗೆಂದರೆ ಆ ಆಟಗಳ ಗೊಂಬೆಗಳೂ ಎಲ್ಲರ ಸ್ವತ್ತಾದವು ಎಂದು ಭಾವಿಸಿದವರು ಬಹಳ. ಇದು ತಪ್ಪು ತಿಳಿವಳಿಕೆ. ಬಿಟ್ಟುಕೊಟ್ಟದ್ದು ಸಂಕೇತವನ್ನು ಮಾತ್ರ. ಗೊಂಬೆ, ಚಿತ್ರ, ಧ್ವನಿಗಳ ಹಕ್ಕು ಸಂಸ್ಥೆಯಲ್ಲೇ ಉಳಿಯಿತು. 2005ರಲ್ಲೇ ಹುಟ್ಟಿದ 'ಓಪನ್ ಅರೀನಾ' ಎಂಬ ಉಚಿತ ಆಟವು ಕ್ವೇಕ್ 3ರ ಸಂಕೇತವನ್ನು ಬಳಸಿಕೊಂಡರೂ ತನ್ನ ಗೊಂಬೆಗಳನ್ನು ಹೊಸದಾಗಿ ಮಾಡಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ.

ಸಂಸ್ಥೆಗಳೆಲ್ಲ ಇಡ್‌ನಷ್ಟು ಉದಾರಿಗಳೂ ಅಲ್ಲ. 'ಡೆಡ್ ಆರ್ ಅಲೈವ್' ಆಟಗಳ ನಾಯಕಿಯರ ಸ್ಕಿನ್‌ಗಳನ್ನು ಬದಲಿಸಿ ವಿವಸ್ತ್ರರಾಗಿ ತೋರಿಸುವ ಕಡತಗಳನ್ನು ಹಂಚಿಕೊಳ್ಳುತ್ತಿದ್ದವರ ವಿರುದ್ಧ ಜಪಾನಿನ ಟೆಕ್ಮೊ ಸಂಸ್ಥೆ 2005ರಲ್ಲಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತ್ತು. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಕಲಾಕೃತಿಗಳಿಗೆ ರಕ್ಷಣೆ ನೀಡುತ್ತದೆ. ಖಾಸಗಿ ಬಳಕೆ, ಸಂಶೋಧನೆಗಳಿಗೆ ನ್ಯಾಯಯುತ ವ್ಯವಹಾರದ ವಿನಾಯಿತಿ ಅದರ 52ನೇ ಕಲಮಿನಲ್ಲಿದೆ. ಆದರೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಗೊಂಬೆಯನ್ನು ಮನೆಯಲ್ಲಿ ತಿರುಗಿಸಿ ನೋಡುವುದಕ್ಕೂ ಅದನ್ನು ಮಾರುವುದಕ್ಕೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ.

ಬೀಗ ಮುರಿಯುವ ಗೋಜೇ ಬೇಡವೆನ್ನುವವರಿಗೂ ದಾರಿಗಳಿವೆ. ವಾಲ್ವ್ ಸಂಸ್ಥೆ 2012ರಲ್ಲಿ 'ಸೋರ್ಸ್ ಫಿಲ್ಮ್‌ಮೇಕರ್' ತಂತ್ರಾಂಶವನ್ನು ತನ್ನ ಆಟದ ಪಾತ್ರಗಳ ಸಮೇತ ಉಚಿತವಾಗಿ ನೀಡಿತು. ಎಪಿಕ್ ಗೇಮ್ಸ್ 2018ರಲ್ಲಿ 'ಪ್ಯಾರಗಾನ್' ಆಟವನ್ನು ಮುಚ್ಚುವಾಗ, 1.2 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಿಸಿದ ಸಾಮಗ್ರಿಯನ್ನು ತನ್ನ ಅನ್‌ರಿಯಲ್ ಎಂಜಿನ್ ಬಳಸುವವರಿಗೆ ಬಿಟ್ಟುಕೊಟ್ಟಿತು. ಬ್ಲೆಂಡರ್ ಬಳಗದವರೇ 2008ರಲ್ಲಿ ಹೊರತಂದ 'ಯೋ ಫ್ರ್ಯಾಂಕಿ' ಆಟದ ಪಾತ್ರಗಳನ್ನು, ಕರ್ತೃವಿನ ಹೆಸರು ಹೇಳಿದರೆ ಸಾಕು, ಹೇಗೆ ಬೇಕಾದರೂ ಬಳಸಬಹುದು.

ಈ ವಿಷಯ ಬೆಂಗಳೂರಿಗೆ ದೂರದ್ದಲ್ಲ. ಇಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆ ವಿದೇಶಿ ಆಟಗಳಿಗೆ ಕಲಾಕೆಲಸ ಮಾಡಿಕೊಡುತ್ತ ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಪಾಲಾಯಿತು. ಅಂದರೆ ಎಲ್ಲೋ ಒಬ್ಬ ಹವ್ಯಾಸಿ ಪೆಟ್ಟಿಗೆ ಬಿಚ್ಚಿ ತೆಗೆಯುವ ವಸ್ತು ನಮ್ಮೂರಿನ ಕಲಾವಿದರ ತಿಂಗಳುಗಳ ದುಡಿಮೆಯೂ ಆಗಿರಬಹುದು. ಇಂಥ ಕಡೆ ಸಂದರ್ಶನಕ್ಕೆ ಹೋಗುವ ಅಭ್ಯರ್ಥಿ ಮುಗಿದ ಗೊಂಬೆಯೊಂದನ್ನೇ ತೋರಿಸಿದರೆ ಸಾಲದು. ಕೆತ್ತನೆಯ ಹಂತಗಳೆಲ್ಲಿ, ತ್ರಿಕೋನಗಳ ಜಾಲವೆಲ್ಲಿ, ಬಣ್ಣದ ಪದರಗಳೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಟದಿಂದ ತೆಗೆದ ಗೊಂಬೆಗೆ ಇವು ಯಾವುವೂ ಇರುವುದಿಲ್ಲವಾದ್ದರಿಂದ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಡೂಮ್ 3ರ ರಾಕ್ಷಸನನ್ನು ತಾನೇ ಹೊಸದಾಗಿ ನಡೆಸಿದ್ದರೆ, 'ನಡಿಗೆ ನನ್ನದು, ಗೊಂಬೆ ಇಡ್ ಸಾಫ್ಟ್‌ವೇರ್‌ನದು' ಎಂದು ಚಿತ್ರದ ಕೆಳಗೆ ಒಂದು ಸಾಲು ಬರೆಯುವುದು ಕ್ಷೇಮ. ಆ ನಡಿಗೆ ಚೆನ್ನಾಗಿದ್ದಲ್ಲಿ ಅನಿಮೇಟರ್ ಹುದ್ದೆಗೆ ಅಷ್ಟೇ ಸಾಕಾಗಲೂಬಹುದು.