ದುರ್ಯೋಧನನ ಬೆಲೆಯೂ ಹರಳಯ್ಯನ ಪಾದರಕ್ಷೆಯೂ

ಚಳ್ಳಕೆರೆಯನ್ನು ಹಿಂದಿಕ್ಕಿ ತಳುಕಿನ ಮಾರ್ಗವಾಗಿ ಮೊಳಕಾಲ್ಮುರಿನ ಕಡೆಗೆ ಪಯಣಿಸುವವನ ದೃಷ್ಟಿಗೆ ಇಕ್ಕೆಲಗಳಲ್ಲಿಯೂ ಗೋಚರಿಸುವುದು ಶೇಂಗಾ ಹೊಲಗಳು, ಕುರಿಮಂದೆಗಳು, ಬೋಳುಬಂಡೆಯ ಗುಡ್ಡಗಳು, ದೂರದಲ್ಲಿ ಮುಳ್ಳುಬೇಲಿಯ ಹಿಂದೆ ಅಡಗಿ ಕುಳಿತ ಹಟ್ಟಿಗಳು. ಮಳೆಯೇ ಮುಖ ತಿರುಗಿಸಿಕೊಂಡಿರುವ ಈ ಸೀಮೆಯಲ್ಲಿ ರಂಗಕಲೆಯಂತಹ ವಿಲಾಸಕ್ಕೆ ಎಡೆಯೆಲ್ಲಿಯದೆಂದು ಪರಸ್ಥಳದವರು ಶಂಕಿಸಿದರೆ ಅದು ಸಹಜವೇ ಸರಿ. ಬೆಳೆ ಕೈಕೊಟ್ಟ ವರ್ಷವೂ ‘ಕುರುಕ್ಷೇತ್ರ’ವನ್ನು ಕೈಬಿಡದ ಊರುಗಳು ಇವೆಂಬುದನ್ನು ಈ ಭಾಗದ ಓದುಗರಿಗೆ ನಾನು ಹೇಳಬೇಕಾದುದಿಲ್ಲ. ಅಂತಹ ಊರೊಂದರ ಪ್ರೌಢಶಾಲೆಯ ಬಯಲಿನಲ್ಲಿ ಈಚೆಗೆ ನಾನು ಕಂಡ ನಾಟಕ ಬೇರೊಂದು ಬಗೆಯದು. ಅದನ್ನು ಕಂಡಂದಿನಿಂದ ನನ್ನ ಮನಸ್ಸು ಅದರ ಸುತ್ತಲೇ ಸುಳಿಯುತ್ತಿದೆ.

ಸಾಣೇಹಳ್ಳಿಯ ‘ಶಿವಸಂಚಾರ’ದ ವಾಹನ ಬಯಲಿಗೆ ಬಂದು ನಿಂತುದು ಅಪರಾಹ್ನದ ಉರಿಬಿಸಿಲಿನಲ್ಲಿ. ನಾಟಕದವರು ಎಂದೊಡನೆ ಬಣ್ಣದ ಪೆಟ್ಟಿಗೆಯನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬರುವ ಕಂಪನಿಯ ನಟರನ್ನು ನಿರೀಕ್ಷಿಸಿದ್ದ ಹಳ್ಳಿಯ ಹುಡುಗರಿಗೆ, ಅದರಿಂದಿಳಿದ ತರುಣ ತರುಣಿಯರು ಕಬ್ಬಿಣದ ಕಂಬಿ, ದೀಪದ ಪೆಟ್ಟಿಗೆ, ಸುತ್ತಿದ ಪರದೆಗಳನ್ನು ತಾವೇ ಹೊತ್ತು ತಂದು ಜೋಡಿಸತೊಡಗಿದ್ದು ಬಹು ದೊಡ್ಡ ಕೌತುಕವಾಯಿತು. ಸಾಯಂಕಾಲ ಹರಳಯ್ಯನ ಮಡದಿ ಕಲ್ಯಾಣಮ್ಮನಾಗಿ ರಂಗದ ಮೇಲೆ ಬರಲಿದ್ದ ಹುಡುಗಿಯೊಬ್ಬಳು, ಸೊಂಟಕ್ಕೆ ವೇಲನ್ನು ಬಿಗಿದು, ದೀಪದ ಕಂಬದ ನಟ್ಟನ್ನು ಪಾನಾದಿಂದ ತಿರುಗಿಸುತ್ತಿದ್ದಳು. ನಟ್ಟು ತುಕ್ಕು ಹಿಡಿದಿತ್ತು. ಮೊಂಡು ಮಾಡಿದ ಅದಕ್ಕೆ ಆಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಮತ್ತೆ ಒತ್ತಿ ತಿರುಗಿಸಿ, ಬಿಗಿಯಾಯಿತೆಂದು ಖಾತ್ರಿಯಾದ ಬಳಿಕವೇ ಕೆಳಗಿಳಿದಳು. ಆ ಊರಿನ ಹೆಂಗಸರು ಬಾವಿಕಟ್ಟೆಯ ಬಳಿ ಕೊಡಗಳನ್ನಿಳಿಸಿ ನೋಡುತ್ತ ನಿಂತುದು ರಂಗಸಜ್ಜಿಕೆಯನ್ನಲ್ಲ, ಆ ಪಾನಾವನ್ನು. ಸಮಾಜಪರಿವರ್ತನೆಯೆಂಬ ಮಹಾಶಬ್ದದ ವಿಷಯದಲ್ಲಿ ಮೊದಲಿನಿಂದಲೂ ಸಂದೇಹಿಯಾದ ನನಗೆ, ಅಂದಿನ ನಾಟಕದ ಅತ್ಯಂತ ಪರಿಣಾಮಕಾರಿಯಾದ ಅಂಕ ಆಗಲೇ ಮುಗಿದುಹೋಯಿತೆನಿಸಿತು.

ಸಾಣೇಹಳ್ಳಿಯ ಸಂಗತಿ ಎಲ್ಲರೂ ಬಲ್ಲದ್ದೇ. ನಮ್ಮದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಆ ಪುಟ್ಟ ಗ್ರಾಮದಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ, 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ರೆಪರ್ಟರಿಯನ್ನೂ ಸ್ಥಾಪಿಸಿದರು. ಅವರ ಗುರುಗಳಾದ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು ‘ಮರಣವೇ ಮಹಾನವಮಿ’, ‘ವಿಶ್ವಬಂಧು ಮರುಳಸಿದ್ಧ’ ಮೊದಲಾದ ನಾಟಕಗಳನ್ನು ತಾವೇ ಬರೆದು ಆಡಿಸಿದವರಾದ್ದರಿಂದ, ಮಠಕ್ಕೂ ರಂಗಕ್ಕೂ ಇಲ್ಲಿ ಬೀಗತನ ಹಳೆಯದು. ಗ್ರೀಕ್ ಮಾದರಿಯ ಬಯಲು ರಂಗಮಂದಿರ, ನವೆಂಬರಿನ ನಾಟಕೋತ್ಸವ, ಆ ಉತ್ಸವದಲ್ಲಿ ಮೊದಲು ತೆರೆ ಕಂಡು ಬಳಿಕ ನಾಡೆಲ್ಲ ಸುತ್ತುವ ವರ್ಷದ ಮೂರು ನಾಟಕಗಳು, ಇವನ್ನೆಲ್ಲ ಮತ್ತೆ ವಿವರಿಸುವುದು ಅನವಶ್ಯಕ.

ವಿವರಿಸಬೇಕಾದುದು ಸಿಜಿಕೆ ಎಂದೇ ಖ್ಯಾತರಾದ ಸಿ. ಜಿ. ಕೃಷ್ಣಸ್ವಾಮಿಯವರು ಈ ಕಾವಿಯ ನೆರಳಿಗೆ ಬಂದ ವಿಚಿತ್ರವನ್ನು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಬೋಧಿಸುತ್ತಿದ್ದ ಅವರು, 1975ರಲ್ಲಿ ಪ್ರಸನ್ನ ಮತ್ತು ಸಂಗಾತಿಗಳು ಕಟ್ಟಿದ ‘ಸಮುದಾಯ’ದ ಎಡಪಂಥೀಯ ಗರಡಿಯಲ್ಲಿ ಪಳಗಿದವರು, 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಸುಟ್ಟ ಘಟನೆಯನ್ನು ‘ಬೆಲ್ಚಿ’ ಎಂಬ ಬೀದಿನಾಟಕವಾಗಿಸಿ, ಪರದೆಯಿಲ್ಲದೆ, ದೀಪವಿಲ್ಲದೆ, ಟಿಕೀಟಿಲ್ಲದೆ ಸಂತೆಬೀದಿಗಳಲ್ಲಿ ಆಡಿಸಿದವರು, ದೇವನೂರ ಮಹಾದೇವರ ‘ಒಡಲಾಳ’ವನ್ನು ರಂಗಕ್ಕೆ ತಂದು, ಉಮಾಶ್ರೀಯವರ ಸಾಕವ್ವನನ್ನು ಕನ್ನಡಿಗರ ಮನೆಮಾತಾಗಿಸಿದವರು. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ವನ್ನು ರಂಗಕ್ಕೇರಿಸಿದವರೂ ಅವರೇ, ಬಸವಣ್ಣನವರ ಕಾಲವನ್ನು ಕುರಿತ ಆ ನಾಟಕ ಪಠ್ಯವಾದಾಗ 1990ರ ದಶಕದಲ್ಲಿ ಎದ್ದ ಪ್ರತಿಭಟನೆಯ ಬಿರುಗಾಳಿಯನ್ನು ಬಲ್ಲವರಿಗೆ, ಅದರ ನಿರ್ದೇಶಕರೇ ಲಿಂಗಾಯತ ಮಠವೊಂದರ ಅಂಗಳದಲ್ಲಿ ನಿಂತು ಶಿವಸಂಚಾರದ ಬಾಲ್ಯಕ್ಕೆ ಬೆಂಬಲವಾದುದು ಅಚ್ಚರಿಯೆನಿಸದಿರದು. ಇದು ಯಾರು ಯಾರನ್ನು ಒಲಿಸಿಕೊಂಡ ಕಥೆ? ನನ್ನ ಮಟ್ಟಿಗೆ ಹೇಳುವುದಾದರೆ, ಇಬ್ಬರಿಗೂ ಬೇಕಾಗಿದ್ದುದು ಒಂದೇ, ನಗರದ ಸಭಾಂಗಣಕ್ಕೆ ಎಂದೂ ಕಾಲಿಡದ ಪ್ರೇಕ್ಷಕ; ಅವನ ಊರಿಗೆ ಹೋಗುವ ವಾಹನ ಮಠದಲ್ಲಿತ್ತು, ಆ ವಾಹನದಲ್ಲಿ ತುಂಬಬೇಕಾದ ಸಾಮಗ್ರಿ ಸಿಜಿಕೆಯವರಲ್ಲಿತ್ತು. ಅವರು 2006ರಲ್ಲಿ ತೀರಿಕೊಂಡರು. ವಾಹನ ಇನ್ನೂ ಓಡುತ್ತಿದೆ.

ಅರ್ಥಶಾಸ್ತ್ರದ ಪ್ರಸ್ತಾಪ ಬಂದುದರಿಂದ ಇಲ್ಲಿ ಒಂದು ಉಪಾಖ್ಯಾನಕ್ಕೆ ವಾಚಕರು ಅನುಮತಿ ನೀಡಬೇಕು. ದೀಪದ ಕಂಬಗಳೇಳುತ್ತಿದ್ದಾಗ ನನ್ನ ಪಕ್ಕದಲ್ಲಿ ಕಂಬಳಿ ಹಾಸಿ ಕುಳಿತಿದ್ದ ಮುದುಕರು, ಹಿಂದೆ ಸುತ್ತಲ ಹಳ್ಳಿಗಳಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಆಂಧ್ರದ ಗಡಿ ಕೂಗಳತೆಯಲ್ಲಿರುವ ಈ ಸೀಮೆಯಲ್ಲಿ ಮನೆಮಾತು ತೆಲುಗಾಗಿರುವ ಮಂದಿ ಬಹಳವಾದ್ದರಿಂದ, ಕನ್ನಡದ ಕೃಷ್ಣನನ್ನೂ ತೆಲುಗು ಪದ್ಯದ ಕೃಷ್ಣನನ್ನೂ ಒಂದೇ ಮಣೆಯ ಮೇಲೆ ನುಡಿಸಬಲ್ಲವರು ಅವರು. ಶಿವಸಂಚಾರದ ನಟರಿಗೆ ತಿಂಗಳ ಸಂಬಳವುಂಟೆಂದು ನಾನು ಹೇಳಲಾಗಿ, ಅವರು ನಂಬದೆ ನಕ್ಕರು.

“ಸಂಬ್ಳ ಕೊಟ್ಟು ಪಾಲ್ಟು ಮಾಡುಸ್ತಾರಾ ಸಾಮಿ? ನಮ್ ಕಾಲ್ದಾಗೆ ಪಾಲ್ಟಿನೋರೇ ದುಡ್ಡು ಕಟ್ಬೇಕಿತ್ತು. ದುರ್ಯೋಧನ್ನ ಪಾಲ್ಟು ಅಂದ್ರೆ ನಾಕು ಕುರಿ ಮಾರ್ಬೇಕು. ಧರ್ಮರಾಯ್ಗೆ ಎಲ್ಡು ಸಾಕು.”

“ಶಕುನಿಗೆ, ಮೇಷ್ಟ್ರೇ?”

“ಶಕುನಿಗೆ ಯಾರೂ ದುಡ್ಡು ಕಟ್ಟಾಕಿಲ್ಲ. ಆದ್ರೆ ಆಟ ಗೆಲ್ಸಾನು ಅವ್ನೇಯ!”

ಈ ಪಾತ್ರದರದ ಪದ್ಧತಿಯನ್ನು ನಾನು ಮೊದಲೇ ಬಲ್ಲೆನಾದರೂ, ಅದರ ಗೂಢಾರ್ಥವನ್ನು ಆ ಸಂಜೆ ಧ್ಯಾನಿಸಿದಷ್ಟು ಹಿಂದೆಂದೂ ಧ್ಯಾನಿಸಿರಲಿಲ್ಲ. ಕಿರೀಟ ದೊಡ್ಡದಾದಷ್ಟೂ ಬೆಲೆ ಹೆಚ್ಚು. ಪದ್ಯ ಹೆಚ್ಚಾದಷ್ಟೂ ಬೆಲೆ ಹೆಚ್ಚು. ನೀತಿ ಹೆಚ್ಚಾದರೆ ಮಾತ್ರ ಬೆಲೆ ಇಳಿಯುತ್ತದೆ! ಯಾರ ಹಟ್ಟಿಯಲ್ಲಿ ಕುರಿ ಹೆಚ್ಚೋ ಅವನಿಗೆ ಛಲದಂಕಮಲ್ಲನ ಗದೆ. ಕೂಲಿಯವನಿಗೆ ಕಂಠವಿದ್ದರೂ ದೂತನ ಪಾತ್ರ, ಇಲ್ಲವೇ ಪರದೆಯೆಳೆಯುವ ಹಗ್ಗ. ಇವೆಲ್ಲಕ್ಕೂ ಮಿಗಿಲಾದ ವೈಚಿತ್ರ್ಯವೆಂದರೆ, ಈ ಲೆಕ್ಕದ ಪುಸ್ತಕದಲ್ಲಿ ಹಣ ಪಡೆಯುವ ಕಲಾವಿದೆ ಒಬ್ಬಳೇ: ಊರಿನ ಹೆಣ್ಣುಮಕ್ಕಳು ರಂಗವೇರುವಂತಿಲ್ಲವಾದ್ದರಿಂದ ದ್ರೌಪದಿಯನ್ನು ಪರಸ್ಥಳದಿಂದ ಸಂಭಾವನೆ ಕೊಟ್ಟು ಕರೆತರುತ್ತಾರೆ. ಆಕೆ ಬೆಳಗಿನ ಬಸ್ಸಿಗೆ ಹೊರಟುಹೋಗುತ್ತಾಳೆ. ಊರಿನ ದುರ್ಯೋಧನ ಸತ್ತು ಎದ್ದು ತನ್ನ ಕುರಿಗಳ ಸಾಲ ತೀರಿಸಲು ಕೂರುತ್ತಾನೆ. ನಮ್ಮ ಗ್ರಾಮಸಮಾಜದ ಇಡೀ ಶ್ರೇಣಿಯನ್ನು ಇಷ್ಟು ನಿಸ್ಸಂಕೋಚವಾಗಿ ರೂಪಾಯಿ ಆಣೆಗಳಲ್ಲಿ ಬರೆದಿಟ್ಟ ದಾಖಲೆ ಯಾವ ಸಮಾಜಶಾಸ್ತ್ರಜ್ಞನಿಗಾದರೂ ದೊರೆತೀತೆ? ಸಿಜಿಕೆ ಬದುಕಿದ್ದು ಈ ಮೇಷ್ಟರನ್ನು ಕಂಡಿದ್ದರೆ ಹರಟೆ ರಾತ್ರಿಯೆಲ್ಲ ನಡೆಯುತ್ತಿತ್ತು.

ಸಾಯಂಕಾಲ ಕಾರ್ಯಕ್ರಮ ಆರಂಭವಾಯಿತು. ಅಂದರೆ, ಶಾಲು ಹೊದಿಸುವ ಕಾರ್ಯಕ್ರಮ. ಊರ ಮುಖಂಡರ ಸನ್ಮಾನ, ಅಭಿಮಾನಿಗಳ ಭಾಷಣ, ವಂದನಾರ್ಪಣೆಗಳು ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ನಿದ್ದೆಗೆ ಜಾರಿದ್ದರು. ಧರ್ಮೋಪದೇಶಕ್ಕೆ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಕೊರತೆಯೆಂದೂ ಇರಲಿಲ್ಲವೆಂಬುದು ಆಗ ನನ್ನ ನೆನಪಿಗೆ ಬಂದಿತು: ಕ್ರಿಸ್ತಪೂರ್ವ ಮೂರನೆಯ ಶತಮಾನದಷ್ಟು ಹಿಂದೆಯೇ ಸಾಮ್ರಾಟ ಅಶೋಕನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ, ತಂದೆತಾಯಿಗಳ ಮಾತು ಕೇಳಿರಿ, ಸತ್ಯ ನುಡಿಯಿರಿ, ಪ್ರಾಣಿಗಳಲ್ಲಿ ದಯೆಯಿಡಿರಿ ಎಂಬರ್ಥದ ಆದೇಶಗಳನ್ನು ಬರೆಸಿದನಷ್ಟೆ. ಬರೆಸಿದ್ದು ಪ್ರಾಕೃತದಲ್ಲಿ, ಲಿಪಿಕಾರ ಚಪಡನೋ ತನ್ನ ವೃತ್ತಿಯ ಹೆಸರನ್ನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೆತ್ತಿ ಮೆರೆದ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಪತ್ತೆಹಚ್ಚುವವರೆಗೆ ಆ ಬಂಡೆಗಳ ಬಳಿ ಕುರಿ ಕಾಯ್ದವರು ತಮಗೆ ಉಪದೇಶವಾಗಿರುವುದನ್ನೇ ಅರಿಯರು. ನಾಟಕಕಾರನಿಗೆ ಈ ತಪ್ಪು ಮಾಡುವ ಸ್ವಾತಂತ್ರ್ಯವಿಲ್ಲ. ಅರ್ಥವಾಗದಿದ್ದರೆ ಜನ ಕಂಬಳಿ ಕೊಡವಿ ಎದ್ದುಹೋಗುತ್ತಾರೆ.

ಆ ರಾತ್ರಿ ಯಾರೂ ಎದ್ದುಹೋಗಲಿಲ್ಲ. ಶರಣೆಂದುದಕ್ಕೆ ಬಸವಣ್ಣನವರು ಶರಣು ಶರಣಾರ್ಥಿಯೆಂದು ಇಮ್ಮಡಿ ನಮಿಸಿದ ಋಣವನ್ನು ತೀರಿಸಲು ಸಮಗಾರ ಹರಳಯ್ಯನೂ ಕಲ್ಯಾಣಮ್ಮನೂ ತಂತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡುವುದು, ಬಸವಣ್ಣನವರು ಅವನ್ನು ಮೆಟ್ಟಲೊಲ್ಲದೆ ಶಿರದ ಮೇಲಿರಿಸಿಕೊಳ್ಳುವುದು, ಬಳಿಕ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹಕ್ಕೆ ಬೀಗರಿಬ್ಬರೂ ಎಳೆಹೂಟೆಯ ಶಿಕ್ಷೆಯನ್ನು ತೆತ್ತು ಕಲ್ಯಾಣ ಉರಿದುಹೋಗುವುದು, ಕಥೆ ಎಲ್ಲರಿಗೂ ಗೊತ್ತಿದ್ದುದೇ. ಪಾನಾ ಹಿಡಿದಿದ್ದ ಹುಡುಗಿ ಬರಿಗೈಯಲ್ಲಿ, ಇಲ್ಲದ ಸೂಜಿಯಿಂದ ಇಲ್ಲದ ಚರ್ಮವನ್ನು ಹೊಲಿಯುತ್ತಿದ್ದಾಗ, ಪ್ರತಿ ಹೊಲಿಗೆಗೂ ಆಕೆಯ ಹೆಬ್ಬೆರಳು ಒಂದಿಷ್ಟು ಒತ್ತಿ ನಿಲ್ಲುತ್ತಿತ್ತು. ಬಯಲಿನ ಹಿಂತುದಿಯಲ್ಲಿ, ತಾವಾಗಿಯೇ ಬೇರೆಯಾಗಿ ಕುಳಿತಿದ್ದ ಕೇರಿಯ ಮುದುಕರೊಬ್ಬರು “ಹಂಗೇ, ಹಂಗೇ” ಎಂದು ತಲೆದೂಗಿದರು. ಪಾದರಕ್ಷೆ ಮೆಟ್ಟಿ ಒಳಗೆ ಬರಬಾರದೆಂಬ ಕಟ್ಟಳೆಯನ್ನು ಇಂದಿಗೂ ಪಾಲಿಸುವ ಹಟ್ಟಿಗಳಿರುವ ಸೀಮೆಯಲ್ಲಿ ಪಾದರಕ್ಷೆಯೇ ಕಿರೀಟದ ಸ್ಥಾನಕ್ಕೇರುವುದನ್ನು ನೋಡುವುದು ಸಾಮಾನ್ಯ ಸಂಗತಿಯಲ್ಲ.

ಆದರೂ ನನ್ನ ಸಂಶಯ ಪೂರ್ತಿ ನಿವಾರಣೆಯಾಗಿಲ್ಲವೆಂಬುದನ್ನು ಮುಚ್ಚಿಡಲಾರೆ. ಹನ್ನೆರಡನೆಯ ಶತಮಾನದ ಅನ್ಯಾಯಕ್ಕೆ ಕಣ್ಣೀರು ಮಿಡಿಯುವುದು ಸುಲಭ. ಬಿಜ್ಜಳನನ್ನು ಬೈದರೆ ಬೇಸರಿಸುವವರು ಊರಿನಲ್ಲಿ ಯಾರೂ ಇಲ್ಲ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತವರೂ ಹಿಂತುದಿಯಲ್ಲಿ ಕುಳಿತ ಮುದುಕರೂ ಒಂದೇ ಕಡೆ ಚಪ್ಪಾಳೆ ತಟ್ಟಿದರು, ಒಂದೇ ಕಡೆ ಮೂಗೊರೆಸಿಕೊಂಡರು; ನಾಟಕ ಮುಗಿದ ಮೇಲೆ ಇಬ್ಬರೂ ತಂತಮ್ಮ ದಾರಿ ಹಿಡಿದರು. 2019ರ ಆಗಸ್ಟಿನಲ್ಲಿ ‘ಮತ್ತೆ ಕಲ್ಯಾಣ’ವೆಂಬ ಆಂದೋಲನವನ್ನು ಹೂಡಿ ನಾಡಿನ ಜಿಲ್ಲೆಗಳನ್ನೆಲ್ಲ ಸುತ್ತಿ, ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಎದುರೆದುರೇ ಉತ್ತರಿಸಿದ ಪಂಡಿತಾರಾಧ್ಯ ಸ್ವಾಮೀಜಿಯವರಿಗೆ ಈ ಆಕ್ಷೇಪ ಹೊಸದಾಗಿರಲಾರದು. ಸಂಪ್ರದಾಯವಾದಿಗಳ ಕೋಪಕ್ಕೆ ಹೆದರುವ ಸ್ವಭಾವವೂ ಅವರದಲ್ಲ.

ಆದುದರಿಂದ ಅವರಲ್ಲಿ ನನ್ನದೊಂದು ವಿನಂತಿಯಿದೆ. ಮುಟ್ಟಾದ ಹೆಣ್ಣನ್ನೂ ಹಸುಗೂಸಿನ ಬಾಣಂತಿಯನ್ನೂ ಹಟ್ಟಿಯಿಂದಾಚೆಗೆ ಕೂರಿಸುವ ಪದ್ಧತಿ ನಮ್ಮ ಗೊಲ್ಲರಹಟ್ಟಿಗಳಿಂದ ಇನ್ನೂ ಸಂಪೂರ್ಣ ಅಳಿದಿಲ್ಲ. ಅವರಿಗೆ ನೆರಳಾಗಲೆಂದು ಸರ್ಕಾರವೇ ಹಟ್ಟಿಗಳ ಹೊರಗೆ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿದ್ದೂ ಉಂಟು. ನೆರಳು ಕೊಟ್ಟಂತಾಯಿತೋ, ಪದ್ಧತಿಗೆ ಸಿಮೆಂಟು ಹಾಕಿದಂತಾಯಿತೋ ಎಂಬುದು ಬಲು ದೊಡ್ಡ ನಾಟಕದ ವಸ್ತು. ಮುಂದಿನ ವರ್ಷದ ಮೂರು ನಾಟಕಗಳಲ್ಲಿ ಒಂದು ಅದಾಗಲಿ. ಅದರ ನಾಯಕಿಯ ಪಾತ್ರಕ್ಕೆ ಚಳ್ಳಕೆರೆ ಮೊಳಕಾಲ್ಮುರುಗಳ ಹಟ್ಟಿಯ ಹುಡುಗಿಯೊಬ್ಬಳನ್ನೇ, ಸಂಬಳ ಕೊಟ್ಟು, ತಂಡಕ್ಕೆ ಸೇರಿಸಿಕೊಳ್ಳಲಿ. ಮೊದಲ ಪ್ರದರ್ಶನ ಸಾಣೇಹಳ್ಳಿಯ ಉತ್ಸವದಲ್ಲಿ ಅಲ್ಲ, ಇಲ್ಲಿಯ ಬಯಲಿನಲ್ಲೇ ನಡೆಯಲಿ. ಭಾಷಣಗಳನ್ನು ನಾಟಕ ಮುಗಿದ ಮೇಲೆ ಇಟ್ಟುಕೊಂಡರೆ ಮಕ್ಕಳೂ ನೋಡಿಯಾರು.