ಫ್ರೆಂಚ್ ರಾಕ್ಸ್‌ನ ಸವಾರನನ್ನು ಹುಡುಕುವುದು ಹೇಗೆ?

ಹಳೆ ಮೈಸೂರು ಸೀಮೆಯ ಕೆಲವು ಮನೆಗಳಲ್ಲಿ ಇಂದಿಗೂ ಕೇಳಿಬರುವ ಮಾತೊಂದಿದೆ: ‘ಮುತ್ತಜ್ಜ ಮಹಾರಾಜರ ಕುದುರೆ ಪಡೆಯಲ್ಲಿದ್ದರು, ಸಮುದ್ರ ದಾಟಿ ಯುದ್ಧಕ್ಕೆ ಹೋಗಿದ್ದರು.’ ಮಾತು ಅಲ್ಲಿಗೇ ನಿಲ್ಲುತ್ತದೆ. ಯಾವ ಯುದ್ಧ, ಯಾವ ಪಡೆ, ಮರಳಿ ಬಂದದ್ದು ಯಾವಾಗ ಎಂಬುದನ್ನು ಬಲ್ಲವರು ಮನೆಯಲ್ಲಿ ಉಳಿದಿರುವುದಿಲ್ಲ. ದಾಖಲೆಗಳ ಮೂಲಕ ಉತ್ತರ ಹುಡುಕಲು ಅವಕಾಶವಿದೆ. ಆದರೆ ಹುಡುಕುವವರಲ್ಲಿ ಬಹುತೇಕರು ತಪ್ಪು ಬಾಗಿಲನ್ನು ತಟ್ಟುತ್ತಾರೆ.

ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್, ಬ್ರಿಟಿಷ್ ಭಾರತೀಯ ಸೇನೆಯ ರೆಜಿಮೆಂಟ್ ಆಗಿರಲಿಲ್ಲ. ಅದು ಮೈಸೂರು ಸಂಸ್ಥಾನ ತನ್ನ ಖಜಾನೆಯ ಹಣದಿಂದ ಸಾಕಿದ ‘ಇಂಪೀರಿಯಲ್ ಸರ್ವೀಸ್’ ಪಡೆ. ಆದ್ದರಿಂದ ಸವಾರರ ಪಿಂಚಣಿ, ಇನಾಮು, ಬಡ್ತಿ ಕುರಿತ ಪತ್ರವ್ಯವಹಾರವನ್ನು ದೆಹಲಿ ಅಥವಾ ಲಂಡನ್‌ಗಿಂತ ಮೊದಲು ಸಂಸ್ಥಾನದ ಕಡತಗಳಲ್ಲಿ ಹುಡುಕಬೇಕು. ಅವು ಇರುವುದು ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ. ಹಾಗೆಂದು ಒಬ್ಬೊಬ್ಬ ಸವಾರನಿಗೂ ಪ್ರತ್ಯೇಕ ಕಡತ ಸಿಗುತ್ತದೆಂಬ ನಿರೀಕ್ಷೆ ಬೇಡ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳು ವಿಲೀನಗೊಂಡು 1953ರಲ್ಲಿ 61ನೇ ಅಶ್ವದಳ ರೂಪುಗೊಂಡಿತು. ಲ್ಯಾನ್ಸರ್ಸ್‌ನ ಪರಂಪರೆ ಅಲ್ಲಿ ಮುಂದುವರಿದಿದೆ.

ಎರಡನೆಯ ತೊಡಕು ಊರಿನ ವಿಳಾಸದ್ದು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಸವಾರನೊಬ್ಬ 1914ರಲ್ಲಿ ಯುದ್ಧಕ್ಕೆ ಹೊರಟನೆಂದು ಭಾವಿಸೋಣ. ಅಂದಿನ ಕಾಗದಗಳಲ್ಲಿ ‘ಮಂಡ್ಯ ಜಿಲ್ಲೆ’ ಎಂದು ಹುಡುಕಿದರೆ ಏನೂ ಸಿಗದು. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಪಾಂಡವಪುರವನ್ನು ಆಗ ಸರ್ಕಾರಿ ಕಾಗದಗಳಲ್ಲಿ ‘ಫ್ರೆಂಚ್ ರಾಕ್ಸ್’ ಎಂದೇ ಬರೆಯುತ್ತಿದ್ದರು. ಇನ್ನೂ ಹಳೆಯ ಕಡತಗಳಲ್ಲಿ ಕೃಷ್ಣರಾಜಪೇಟೆ ‘ಅತ್ತಿಕುಪ್ಪ’ವಾಗಿರುತ್ತದೆ. ಕ್ಯಾತನಹಳ್ಳಿಯನ್ನು ಇಂಗ್ಲಿಷ್‌ನಲ್ಲಿ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದಿರಬಹುದು. ಹೆಸರಿನ ಆರಂಭ, ಅಂತ್ಯ ಎರಡನ್ನೂ ಬದಲಿಸಿ ನೋಡುವುದು ಅನಿವಾರ್ಯ.

ಮನೆತನದ ಬಿರುದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ‘ದಫೇದಾರರ ಮನೆ’ ಎಂದ ಮಾತ್ರಕ್ಕೆ ಅದು ಸೈನಿಕನ ಮನೆಯಲ್ಲ. ಅಶ್ವದಳದಲ್ಲಿ ದಫೇದಾರ್ ಒಂದು ಹುದ್ದೆ, ನಿಜ. ಆದರೆ ಜಿಲ್ಲಾಧಿಕಾರಿ ಕಚೇರಿಯ ಬಾಗಿಲಲ್ಲಿ ಪೇಟ ಧರಿಸಿ ನಿಲ್ಲುವವನೂ ದಫೇದಾರನೇ! ಮಹಾರಾಜರ ಸೈನ್ಯದಲ್ಲಿದ್ದವರೆಲ್ಲ ಸಮುದ್ರ ದಾಟಿದವರೂ ಅಲ್ಲ. ಸಂಸ್ಥಾನದೊಳಗೇ ಉಳಿಯುತ್ತಿದ್ದ ‘ಬಾರ್’ ಕಾಲಾಳು ಪಡೆಯೂ ಇತ್ತು.

ಇಂಥ ಅನುಮಾನಗಳನ್ನು ಒಂದೇ ಏಟಿಗೆ ಪರಿಹರಿಸಬಲ್ಲ ವಸ್ತುವೆಂದರೆ ಪದಕ. ಬ್ರಿಟಿಷ್ ಯುದ್ಧ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಡೆ ಇಷ್ಟನ್ನೂ ಸಣ್ಣ ಅಕ್ಷರಗಳಲ್ಲಿ ಕೆತ್ತಿರುತ್ತಾರೆ. ‘1914–15ರ ನಕ್ಷತ್ರ’ ಎಂಬ ಪದಕ ದೊರೆತರೆ ಆತ 1915ರ ಅಂತ್ಯದೊಳಗೇ ಯುದ್ಧರಂಗ ತಲುಪಿದ್ದನೆಂದು ಅರ್ಥ. ಅದರ ಹೆಸರು ಹಿಂಬದಿಯಲ್ಲಿರುತ್ತದೆ. ದುರದೃಷ್ಟವೆಂದರೆ ಯುದ್ಧ ಪದಕ ಬೆಳ್ಳಿಯದು. ಕಷ್ಟಕಾಲದಲ್ಲಿ ಕರಗಿಸಿದ ಬೆಳ್ಳಿಯೊಡನೆ ಹೆಸರೂ ಕರಗಿಹೋಗುತ್ತದೆ. ಪದಕವಿದ್ದರೆ ಅಂಚಿನ ಛಾಯಾಚಿತ್ರವನ್ನು ಇಂದೇ ತೆಗೆದಿಡುವುದು ಲೇಸು.

ಪದಕವಿಲ್ಲದಿದ್ದರೆ ದಿನಾಂಕಗಳೇ ಆಧಾರ. ಮೈಸೂರು ಲ್ಯಾನ್ಸರ್ಸ್ ಎಂದೊಡನೆ ಎಲ್ಲರೂ ‘ಹೈಫಾ’ ಎನ್ನುತ್ತಾರೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಪಟ್ಟಣದತ್ತ ನುಗ್ಗಿದಾಗ ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ವೃತ್ತಕ್ಕೆ ‘ತೀನ್ ಮೂರ್ತಿ ಹೈಫಾ ಚೌಕ’ ಎಂದು ಹೆಸರಿಡಲಾಯಿತು. ಆದರೆ ಒಂದು ತಿಂಗಳ ನಂತರ, ಅಕ್ಟೋಬರ್ 26ರಂದು, ಇದೇ ಎರಡು ಪಡೆಗಳು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಮತ್ತೊಮ್ಮೆ ನುಗ್ಗಿದವು. ಆ ಕದನದ ನೆನಪು ಇಲ್ಲಿ ಹೆಚ್ಚು ಜನರಿಗಿಲ್ಲ. ‘ಹೈಫಾದಲ್ಲಿ ತೀರಿಕೊಂಡರು’ ಎಂದು ಮನೆಯವರು ಹೇಳುವ ಸವಾರನ ಮರಣ ದಿನಾಂಕ ಅಕ್ಟೋಬರ್ ಕೊನೆಯದಾದರೆ ಹರಿತಾನ್ ಅನ್ನು ನೆನೆಯಬೇಕು.

ಮಡಿದವರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ಪಟ್ಟಿಯಲ್ಲಿ ಸಿಗುತ್ತದೆ. ಕೆಲವೆಡೆ ತಂದೆಯ ಹೆಸರು, ಊರು ಸಹ ಇರುತ್ತವೆ. ಸಮಾಧಿಯಿಲ್ಲದ ಸುಮಾರು 4,000 ಭಾರತೀಯರ ಸ್ಮಾರಕ ಸುಯೆಜ್ ಕಾಲುವೆಯ ಪೋರ್ಟ್ ತೌಫಿಕ್‌ನಲ್ಲಿತ್ತು. ಈಜಿಪ್ಟ್–ಇಸ್ರೇಲ್ ಸಂಘರ್ಷದಲ್ಲಿ ಅದು ಹಾಳಾದ ಬಳಿಕ 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸಮಾಧಿ ಸ್ಥಳದಲ್ಲಿ ಹೊಸ ಸ್ಮಾರಕ ನಿರ್ಮಾಣವಾಯಿತು. ಬದುಕಿ ಬಂದವರು ಈ ಪಟ್ಟಿಯಲ್ಲಿ ಇರುವುದಿಲ್ಲ. ಅವರ ಜಾಡು ಊರಿನಲ್ಲೇ ಸಿಗಬೇಕು: ತಾಲ್ಲೂಕು ಕಚೇರಿಯ ಅಭಿಲೇಖಾಲಯದ ಹಳೆಯ ಭೂದಾಖಲೆ, ಮಕ್ಕಳ ಶಾಲಾ ದಾಖಲಾತಿ ಪುಸ್ತಕ, ಕ್ರಯಪತ್ರದ ಸಾಕ್ಷಿ ಸಹಿ. ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರನ್ನು ಸಂಶೋಧಕರು ಮರೆಯುವುದೇ ಹೆಚ್ಚು. ತಲೆಮಾರುಗಳ ಹೆಸರುಗಳನ್ನು ಅನುಕ್ರಮವಾಗಿ ಕೊಡಬಲ್ಲ ಅವರ ಪುಸ್ತಕ, ಒಂದೇ ಹೆಸರಿನ ತಾತ–ಮೊಮ್ಮಗನನ್ನು ಬೇರ್ಪಡಿಸಲು ನೆರವಾಗುತ್ತದೆ.

ಇದು ಕೇವಲ ಕುತೂಹಲದ ವಿಷಯವಲ್ಲ. ಪೂರ್ವ ಆಫ್ರಿಕಾ ಹಾಗೂ ಈಜಿಪ್ಟ್‌ನವರೇ ಹೆಚ್ಚಾಗಿದ್ದ ಕನಿಷ್ಠ 1,16,000 ಮಂದಿ ಮೊದಲ ಮಹಾಯುದ್ಧದ ಮೃತರ ಹೆಸರನ್ನು ದಾಖಲಿಸದೆ ಬಿಡಲಾಗಿತ್ತೆಂದು ಆಯೋಗವು ನೇಮಿಸಿದ ಸಮಿತಿಯ ವರದಿ 2021ರಲ್ಲಿ ತಿಳಿಸಿತು; ಆಯೋಗ ಕ್ಷಮೆಯನ್ನೂ ಕೇಳಿತು. ಬಿಟ್ಟುಹೋದ ಹೆಸರನ್ನು ಸೇರಿಸಲು ಸೇವೆಗೂ ಮರಣಕ್ಕೂ ಪುರಾವೆ ಬೇಕು. ಮರಣ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸಂಭವಿಸಿರಬೇಕು. ಸೇವೆಯಲ್ಲಿರುವಾಗಲೇ ಕಾಯಿಲೆಯಿಂದ ತೀರಿಕೊಂಡವರೂ ಇದಕ್ಕೆ ಅರ್ಹರು. ವಿಧವೆಗೆ ಮಂಜೂರಾದ ಪಿಂಚಣಿಯ ಆದೇಶವೊಂದು ಪತ್ರಾಗಾರದ ಕಡತದಲ್ಲಿ ದೊರೆತರೂ ಅರ್ಜಿಗೆ ಬಲ ಬರುತ್ತದೆ.