ದಾವಾ ಹಾಕಿದವನೂ ಜಾಮೀನು ಕೊಡಬೇಕು!

ಕೋರ್ಟಿನಲ್ಲಿ ಗೆದ್ದ ಅಂಗಡಿಕಾರನ ಕಿಸೆ ಯಾಕೆ ಖಾಲಿ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಬಸ್ಸಿನಲ್ಲಿ ತಾರೀಖಿಗೆ ಹೊರಟವರನ್ನು ಕೇಳಿ. ವಕೀಲರ ಫೀ, ಬಸ್ ಚಾರ್ಜು, ಮೇಲೆ ಅಂಗಡಿಗೆ ಬೀಗ. ‘ಖರ್ಚುಸಹಿತ ದಾವಾ ವಜಾ’ ಅಂತ ಹುಕುಂ ಆದರೂ ಸೋತವನು ಕೈಗೇ ಸಿಗದಿದ್ದರೆ ಯಾರನ್ನ ಹಿಡೀಬೇಕ್ರೀ?

ಇದಕ್ಕೆಂದೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 25ನೆಯ ಆದೇಶವಿದೆ. ಇಂಡಿಯ ಲಿಂಬೆ ವ್ಯಾಪಾರಿಯ ಮೇಲೆ ದುಬೈ ಗಿರಾಕಿಯೊಬ್ಬ ‘ಮಾಲು ಕೆಟ್ಟಿತ್ತು’ ಎಂದು ಇಲ್ಲಿ ದಾವಾ ಹೂಡಿದ ಅನ್ನಿ. ದಾವಾದ ಆಸ್ತಿ ಬಿಟ್ಟು ಭಾರತದಲ್ಲಿ ಅವನಿಗೆ ಸಾಕಷ್ಟು ಸ್ಥಿರಾಸ್ತಿ ಇಲ್ಲದಿದ್ದರೆ, ಪ್ರತಿವಾದಿಯ ಖರ್ಚಿಗೆ ಜಾಮೀನು ಕೊಡಲೇಬೇಕು. ಗಡುವಿನೊಳಗೆ ಕೊಡದಿದ್ದರೆ ದಾವಾ ವಜಾ. ವಾದಿ ಸೋಲಾಪುರದವನಾದರೆ ಮಾತು ಬೇರೆ. ಅದು ನ್ಯಾಯಾಧೀಶರ ವಿವೇಚನೆ. ಬಡವ ಎಂಬ ಒಂದೇ ಕಾರಣಕ್ಕೆ ಜಾಮೀನು ಕೇಳುವ ರೂಢಿಯಿಲ್ಲ, ಅದು ನ್ಯಾಯವೇ.

38ನೆಯ ಆದೇಶದ ಜಾಮೀನು ಇದಕ್ಕೆ ತಿರುವುಮುರುವು. ತೀರ್ಪು ತಪ್ಪಿಸಲೆಂದೇ ಬಾಕಿದಾರ ಗೋದಾಮು ಮಾರಲು ಹೊರಟರೆ ಅಲ್ಲಿ ವಾದಿಯೇ ಕೇಳಬಹುದು.

3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ತಂಟೆಗೆ 2015ರ ವಾಣಿಜ್ಯ ನ್ಯಾಯಾಲಯ ಕಾಯ್ದೆ ಇನ್ನಷ್ಟು ಬಿಗಿ. ಸೋತವನೇ ಖರ್ಚು ಕೊಡುವುದು ಅಲ್ಲಿ ಸಾಮಾನ್ಯ ನಿಯಮ, ವಕೀಲರ ಫೀ ಸಹಿತ. ಸಮನ್ಸ್ ಮುಟ್ಟಿ 120 ದಿನ ದಾಟಿದರೆ ಕೈಫಿಯತ್ತು ತಗೊಳ್ಳೂದಿಲ್ಲ. ‘ಮುಂದಿನ ತಾರೀಖಿಗೆ ನೋಡೋಣು’ ಅನ್ನೋ ಚಾಳಿ ದುಬಾರಿ ಬೀಳುತ್ತದೆ. ತುರ್ತು ತಡೆಯಾಜ್ಞೆಯಂಥದ್ದು ಬೇಡದಿದ್ದರೆ ದಾವಾಕ್ಕೆ ಮೊದಲೇ ಮಧ್ಯಸ್ಥಿಕೆಗೆ ಹೋಗಬೇಕು. ಅದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ಖರ್ಚಿನ ಜಾಮೀನಿನ ಅರ್ಜಿಯನ್ನು ಯಾವ ಹಂತದಲ್ಲೂ ಹಾಕಬಹುದು. ಹಾಗಂತ ಸಾಕ್ಷಿ ವಿಚಾರಣೆ ಮುಗಿಯುವ ತನಕ ಕಾಯುವುದೇಕೆ? ಮೊದಲ ತಾರೀಖಿಗೇ ವಕೀಲರ ಕಿವಿಗೆ ಹಾಕಿರಿ.